ನಲವತ್ತು ಡಬ್ಬಿ, ಒಂದು ಹೊಟ್ಟೆ

ದೊಡ್ಡಮುನಿಯಪ್ಪನ ಹೊಟ್ಟೆಯೆಂದರೆ ಆವನಿ ಸೀಮೆಗೆಲ್ಲ ಹೆಸರುವಾಸಿ. ಬಂಡೆ ನುಂಗಿದರೂ ಬೆಳಗಾಗುವುದರೊಳಗೆ ಸುಣ್ಣವಾಗುತ್ತಿತ್ತು. ತಲೆಗಾತ್ರದ ಮೂರು ರಾಗಿಮುದ್ದೆ ಇಳಿಸಿ, ನಾಲ್ಕನೆಯದನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವ ಆಸಾಮಿ. ಅನ್ನ ತಿನ್ನುವವರು ಅವನ ಲೆಕ್ಕದಲ್ಲಿ ಮನುಷ್ಯರಲ್ಲ, ಕಾಳು ಕೆದಕುವ ಕೋಳಿಗಳು.

ಎಂಬತ್ತನಾಲ್ಕನೇ ಇಸವಿಯಲ್ಲಿ ಬೆಂಗಳೂರಿನಿಂದ ಜೀಪಿನಲ್ಲಿ ಬಂದ ಡಾಕ್ಟರು ಅಂಥದೇ ಕೋಳಿ. ಗಾಳಿ ಬೀಸಿದರೆ ಶ್ರೀನಿವಾಸಪುರದಲ್ಲಿ ಹೋಗಿ ಬೀಳುವಷ್ಟು ಸಣಕಲು. ದೊಡ್ಡಕರುಳಿನ ಕ್ಯಾನ್ಸರು ಸಿರಿವಂತ ದೇಶಗಳ ರೋಗವಾಗಿತ್ತು, ಈಗ ನಮ್ಮ ಪೇಟೆಯ ನೌಕರರಲ್ಲೂ ಹೆಚ್ಚುತ್ತಿರುವಂತಿದೆ, ರಾಗಿ ತಿನ್ನುವ ಗುಂಪಿನಲ್ಲಿ ಹೇಗಿದೆಯೋ ನೋಡಬೇಕು ಅಂದ. ಅನ್ನ ತಿನ್ನುವ ಕೋಲಾರದ ಗುಮಾಸ್ತರ ಪರೀಕ್ಷೆ ಆಗಲೇ ಮುಗಿದಿತ್ತಂತೆ. ಹೆಸರು ಬರೆದ ನಲವತ್ತು ಡಬ್ಬಿ ಹಂಚಿ, ಅವರವರ ಮಲ ಅವರವರ ಡಬ್ಬಿಯಲ್ಲಿಡಿ, ರಕ್ತದ ಅಂಶ ಇದೆಯಾ ನೋಡುತ್ತೇವೆ ಎಂದು ಹೇಳಿ ಹೋದ.

ಚೊಂಬು ಹಿಡಿದು ಹೊರಟವರನ್ನು ಕಂಡರೆ ಮುಖ ತಿರುಗಿಸಿಕೊಳ್ಳುವ ಊರು ಅದು. ಹೆಂಗಸರು ಡಬ್ಬಿಯನ್ನು ಚೇಳಿನಂತೆ ದೂರವಿಟ್ಟರು. ದೊಡ್ಡಮುನಿಯಪ್ಪ ನಕ್ಕ.

"ಗುಂಪು ಅಂತ ಅವನೇ ಅಂದ್ನಲ್ಲ. ಒಂದೇ ಬಾವಿ ನೀರು, ಒಂದೇ ಬಯಲಿನ ರಾಗಿ, ಡಬ್ಬಿಗೊಬ್ಬರು ಯಾಕ್ಲಾ? ಎಲ್ಲಾ ನನ್ನ ಹತ್ರ ತನ್ನಿ."

ಒಂದೇ ಬೆಳಗ್ಗೆ ನಲವತ್ತೂ ತುಂಬಿದವು. ಇನ್ನೂ ನಲವತ್ತಿದ್ದರೆ ಅವೂ ತುಂಬುತ್ತಿದ್ದವು. ಬಿಳಿ ಅನ್ನದ ಆ ಗುಮಾಸ್ತರು ಇದನ್ನು ನೋಡಿ ನಾಚಿ ಸಾಯಬೇಕು ಅಂದುಕೊಂಡ. ಆರು ತಿಂಗಳಿಂದ ಸೊಂಟದಲ್ಲಿ ಉಡುದಾರ ಸಡಿಲವಾಗುತ್ತಿದ್ದುದನ್ನು ಮಾತ್ರ ಅವನು ದಾರದ ತಪ್ಪೆಂದೇ ನಂಬಿದ್ದ.

ಹದಿನೈದು ದಿನಕ್ಕೆ ಜೀಪು ಮತ್ತೆ ಬಂತು. ಡಾಕ್ಟರ ಮುಖದಲ್ಲಿ ಹನಿ ರಕ್ತವಿರಲಿಲ್ಲ. ಅದೆಲ್ಲ ಡಬ್ಬಿಗಳಲ್ಲೇ ಇತ್ತು. ನಲವತ್ತಕ್ಕೆ ನಲವತ್ತರಲ್ಲೂ. ಕೋಲಾರದಲ್ಲಿ ನೂರಕ್ಕೆ ಮೂವರಿಗೂ ಇರಲಿಲ್ಲವಂತೆ. ಇಂಥ ಊರು ಭೂಮಂಡಲದಲ್ಲೇ ಇಲ್ಲ, ನಾಳೆ ಬಸ್ಸು ಕಳಿಸುತ್ತೇನೆ, ಎಲ್ಲರ ಕರುಳಿಗೂ ಕೊಳವೆ ಇಳಿಸಿ ನೋಡಬೇಕು, ತಡಮಾಡಿದರೆ ಉಳಿಯುವುದು ಕಷ್ಟ ಅಂದ.

ಯಾರೂ ಅಳಲಿಲ್ಲ. ಊರಿಗೆ ಊರೇ ತಿರುಗಿ ಒಬ್ಬನನ್ನು ನೋಡಿತು.

ದೊಡ್ಡಮುನಿಯಪ್ಪನ ಕೈ ತಾನಾಗಿ ಸಡಿಲ ಉಡುದಾರಕ್ಕೆ ಹೋಯಿತು. ಆದರೂ ಗತ್ತು ಬಿಡಲಿಲ್ಲ. ಆ ನಿಮ್ಮ ಪರೀಕ್ಷೆಯ ಔಷಧಿ ನೀರೇ ಕೆಟ್ಟಿರಬೇಕು, ಪೇಟೆಯ ಸಾಮಾನು ಅಷ್ಟೇ ಅಂದ. ಡಾಕ್ಟರು ಒಪ್ಪದಿದ್ದಾಗ, ಹಾಗಾದರೆ ಬಸ್ಸೇ ಬರಲಿ, ಇಡೀ ಊರು ಹೋಗೋಣ ಅಂದ. ಸಾವಿನ ಬಾಗಿಲಿಗೂ ಒಬ್ಬನೇ ಹೋಗುವ ಆಸಾಮಿಯಲ್ಲ.

ಹೆಂಡತಿ ಗಂಗರತ್ನಮ್ಮ ಒಳಗಿನಿಂದ ಅವನ ಪಂಚೆ, ಟವೆಲು ಗಂಟು ಕಟ್ಟಿಕೊಂಡು ಬಂದಳು.

"ಒಂದು ಹೊಟ್ಟೆಗೆ ಬಸ್ಸು ಯಾಕೆ ಸಾರ್? ಈ ಜೀಪೇ ಸಾಕು."

ಡಾಕ್ಟರಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ! ಅರ್ಥವಾದ ಮೇಲೆ ಮೂವತ್ತೊಂಬತ್ತು ಹೆಸರಿಗೆ ಗೀಟು ಎಳೆದ. ದೊಡ್ಡಮುನಿಯಪ್ಪ ಉಡುದಾರ ಬಿಗಿದುಕೊಂಡು ಜೀಪು ಹತ್ತಿ, ಉಳಿದ ಒಂದು ಹೆಸರಿನ ಮೇಲೆ ಬೆರಳಿಟ್ಟ.

"ಇದನ್ನ ಅನ್ನ ತಿನ್ನೋರ ಗುಂಪಿಗೆ ಬರ್ಕೊಳ್ಳಯ್ಯ. ರಾಗಿ ಹೆಸರು ಕೆಡಿಸಬೇಡ."