ಮೊದಲ ಶಾಟ್‌ನಲ್ಲಿ ದುರ್ಗಾ

ಕಾಲೇಜಿಗೆ ಚಕ್ಕರ್ ಹೊಡೆದು ದಿನವಿಡೀ ಹುಬ್ಬಳ್ಳಿ ಸುತ್ತುವ ಹುಡುಗಿಯೊಬ್ಬಳ ಕಿರುಚಿತ್ರ ಮಾಡಲು ಸೌಂದರ್ಯಾ ಹೊರಟಿದ್ದಳು. ಸೌಂದರ್ಯಾ ಅಮರಗೋಳದ ಕಾಳಿನ ವ್ಯಾಪಾರಿಯ ಮಗಳು. ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷ. ಉಳಿದ ದೃಶ್ಯಗಳ ಬಗ್ಗೆ ಅವಳಿಗೆ ಗೊಂದಲವಿತ್ತು, ಆರಂಭದ ಬಗ್ಗೆ ಇರಲಿಲ್ಲ. ಮೊದಲು ಎತ್ತರದಿಂದ ಇಡೀ ರಸ್ತೆ ಕಾಣಬೇಕು: ಬಸ್ಸು, ಆಟೋ, ಜನ. ಅಷ್ಟು ಗದ್ದಲದ ನಡುವೆ ಹಳದಿ ಚೂಡಿದಾರದ ಹುಡುಗಿ ಅಲುಗಾಡದೆ ನಿಂತಿರಬೇಕು. ಆಮೇಲೆ ಕ್ಯಾಮೆರಾ ಸಮೀಪಕ್ಕೆ ಬರಬೇಕು, ಕೊನೆಗೆ ಕಣ್ಣಿಗೆ.

“ಮೊದಲ ಊರು, ಆಮ್ಯಾಲೆ ಹುಡುಗಿ,” ಎಂದು ಮಾಲತೇಶನಿಗೆ ಹೇಳಿದ್ದಳು. ಮದುವೆಗಳ ವಿಡಿಯೊ ತೆಗೆದು ಪಳಗಿದ ಅವನಿಗೆ ಡ್ರೋನ್ ಹಾರಿಸುವ ಆಸೆಯಿತ್ತು. ಅವಳು ಒಪ್ಪಲಿಲ್ಲ. ಬಸ್ ನಿಲ್ದಾಣದ ಎದುರಿನ ಕಟ್ಟಡವೊಂದರ ಮಾಳಿಗೆಯ ಮೇಲೆ ಕ್ಯಾಮೆರಾ ಇಟ್ಟರು.

ಹುಡುಗಿಯ ಪಾತ್ರಕ್ಕೆ ಸಿಕ್ಕವಳು ಬೆಂಗೇರಿಯ ದುರ್ಗಾ. ಪಿಯುಸಿ ಮೊದಲ ವರ್ಷ. ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಅವಳ ನಾಟಕ ನೋಡಿ ಸೌಂದರ್ಯಾ ಆರಿಸಿಕೊಂಡಿದ್ದಳು. ಅಪ್ಪ ಲಾರಿ ಓಡಿಸುತ್ತ ಊರೂರು ಸುತ್ತುವುದರಿಂದ ಮನೆಯಲ್ಲಿ ಅಪ್ಪನ ತಮ್ಮ, ಕಾಕಾ ಪರಮೇಶನ ಮಾತೇ ನಡೆಯುತ್ತಿತ್ತು. ಅವನು ಬಿಡಲಿಕ್ಕಿಲ್ಲವೆಂದು ದುರ್ಗಾ ಸ್ಪೆಷಲ್ ಕ್ಲಾಸ್ ಇದೆಯೆಂದು ಹೇಳಿ ಬಂದಿದ್ದಳು. ಇದು ಸೌಂದರ್ಯಾಗೆ ಗೊತ್ತಿತ್ತು.

ಮೊದಲ ಕೆಲವು ಟೇಕ್ ಕೆಟ್ಟವು. ಜನ ಮಾಳಿಗೆಯತ್ತ ಕತ್ತೆತ್ತಿ ನೋಡುತ್ತಿದ್ದರು. ಕೊನೆಗೊಮ್ಮೆ ಎಲ್ಲ ಕೂಡಿಬಂತು. ಬಸ್ಸು ಹೊರಟಿತು, ಜನ ಚದುರಿದರು, ಹಳದಿ ಬಣ್ಣ ಉಳಿಯಿತು. ಅಷ್ಟರಲ್ಲಿ ಬೈಕೊಂದು ಬಂದು ಅವಳ ಮುಂದೆ ನಿಂತಿತು. ಒಬ್ಬ ಗಂಡಸು ಇಳಿದು ಏನೋ ಕೇಳಿದ. ಅವಳು ತಲೆ ತಗ್ಗಿಸಿದಳು.

“ಅಂವ ಯಾರ್ರಿ? ಜೂಮ್ ಮಾಡ್ಲೇನು?” ಮಾಲತೇಶ ಕೇಳಿದ.

“ಬ್ಯಾಡ. ಹಂಗ ಬಿಡು. ಕಟ್ ಮಾಡಬ್ಯಾಡ.”

ಆ ಗಂಡಸಿನ ಕೈ ಎದ್ದಿತು. ಮಾಳಿಗೆಯ ಮೇಲೆ ಹೊಡೆತದ ಸದ್ದು ಕೇಳಲಿಲ್ಲ. ಹಳದಿ ಬಣ್ಣ ಒಂದು ಕಡೆ ವಾಲಿದ್ದು ಮಾತ್ರ ಕಂಡಿತು. ಸುತ್ತಲಿನ ಜನ ನಿಂತರು, ಮತ್ತೆ ನಡೆದರು. ಅವನು ಅವಳ ಬ್ಯಾಗು ಕಸಿದು ಹೆಗಲಿಗೆ ಹಾಕಿಕೊಂಡ. ಅವಳು ಬೈಕಿನ ಹಿಂದೆ ಕುಳಿತಳು. ಬೈಕು ಚೌಕಟ್ಟಿನಿಂದ ಹೊರಗೆ ಹೋದ ಮೇಲೆ ಸೌಂದರ್ಯಾ ಮೆಟ್ಟಿಲು ಇಳಿದು ಓಡಿದಳು. ರಸ್ತೆಯಲ್ಲಿ ಕಡಲೆಕಾಯಿ ಮಾರುವವಳು, “ಯಾರೋ ಕಾಕಾ ಅಂತ, ಕರ್ಕೊಂಡು ಹ್ವಾದ್ರು,” ಎಂದಳು.

ದುರ್ಗಾಳ ಫೋನು ಸ್ವಿಚ್ ಆಫ್ ಆಗಿತ್ತು. ಮರುದಿನ ಸೌಂದರ್ಯಾ ಬೆಂಗೇರಿಗೆ ಹೋದಳು. ಪರಮೇಶ ಬಾಗಿಲಲ್ಲೇ ಇದ್ದ. ಜಗಳಕ್ಕೆ ಸಿದ್ಧಳಾಗಿ ಹೋದವಳಿಗೆ ಅವನು ಕುರ್ಚಿ ಹಾಕಿ, “ಬರ್ರಿ, ಕುಂಡ್ರಿ,” ಎಂದ.

“ನಿಮಗ ನಿಮ್ಮ ಮನ್ಯಾಗ ಬಿಡ್ತಾರ. ನಮ್ಮ ಓಣ್ಯಾಗ ಹಂಗಲ್ರಿ. ನಾಳೆ ನಮ್ಮಣ್ಣ ಬಂದು ಕೇಳಿದ್ರ ನಾ ಏನಂತ ಹೇಳ್ಲಿ?”

“ಅದಕ್ಕ ನಡುರಸ್ತೆದಾಗ ಹೊಡಿತೀರೇನ್ರಿ?”

ಅವನು ಒಳಗೆ ತಿರುಗಿ ಚಹಾ ತರಲು ಹೇಳಿದ. ದುರ್ಗಾ ಚಹಾ ತಂದಿಟ್ಟಳು. ಕೆನ್ನೆಯ ಮೇಲೆ ಗುರುತೇನೂ ಇರಲಿಲ್ಲ.

“ಅದು ರೆಕಾರ್ಡ್ ಆಗೇತೇನ್ರಿ ಅಕ್ಕಾ?” ಎಂದಳು.

ಸೌಂದರ್ಯಾ ತನ್ನ ಫೋನಿಗೆ ಹಾಕಿಕೊಂಡಿದ್ದ ಪ್ರತಿಯನ್ನು ತೋರಿಸಿದಳು. ಪರಮೇಶ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ಇದ್ರಾಗ ಏನೂ ಕಾಣ್ವಲ್ದು,” ಎಂದ. ಅವನಿಗೆ ಸಮಾಧಾನವಾದಂತಿತ್ತು.

“ನನಗ ಕಾಣ್ತದ,” ಎಂದಳು ದುರ್ಗಾ. ಆಮೇಲೆ ಸೌಂದರ್ಯಾಳ ಕಡೆ ತಿರುಗಿದಳು. “ನೀವು ಮ್ಯಾಲಿಂದ ನೋಡಾಕತ್ತಿದ್ರಿ. ಕೆಳಗ ಯಾಕ ಬರ್ಲಿಲ್ರಿ?”

“ಶಾಟ್ ನಡದಿತ್ತು,” ಎಂದಳು ಸೌಂದರ್ಯಾ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

“ಅಳಸ್ರಿ ಅದನ್ನ,” ಎಂದಳು ದುರ್ಗಾ.

ಸೌಂದರ್ಯಾ ಅಲ್ಲೇ ಅಳಿಸಿದಳು. ಸಂಜೆ ಮಾಲತೇಶನ ಸ್ಟುಡಿಯೊಕ್ಕೆ ಹೋಗಿ ಕಾರ್ಡಿನಲ್ಲಿದ್ದುದನ್ನೂ ಅಳಿಸಿಸಿದಳು. “ಹುಚ್ಚ ಹಿಡದೇತೇನ್ರಿ ನಿಮಗ? ಅಂಥಾ ಶಾಟ್ ಕೋಟಿ ಕೊಟ್ರೂ ಸಿಗಂಗಿಲ್ಲ!” ಎಂದು ಅವನು ಕೂಗಾಡಿದ. ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

ಚಿತ್ರ ಅಲ್ಲಿಗೆ ನಿಂತಂತೆಯೇ ಇತ್ತು. ಅಪ್ಪ ಲಾರಿ ತಿರುಗಿಸಿಕೊಂಡು ಮನೆಗೆ ಬಂದಾಗ ದುರ್ಗಾ ತಾನೇ ಎಲ್ಲ ಹೇಳಿಕೊಂಡಳು. ಮೂರ್ನಾಲ್ಕು ದಿನ ಮನೆಯಲ್ಲಿ ಮಾತುಕತೆ ನಡೆದು, ಅವ್ವ ಜೊತೆಗಿದ್ದರೆ ಹೋಗಬಹುದೆಂದಾಯಿತು. ಪರಮೇಶ ಒಪ್ಪಲೂ ಇಲ್ಲ, ಅಡ್ಡ ಬರಲೂ ಇಲ್ಲ. ಅಂದಿನಿಂದ ದುರ್ಗಾ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಅವಳದೊಂದು ಷರತ್ತಿತ್ತು. “ಮಾಳಗಿ ಬ್ಯಾಡ್ರಿ. ನೀವೂ ಕೆಳಗ, ನನ್ನ ಬಾಜೂಕ ಇರಬೇಕು.”

ಹೀಗೆ ಆರಂಭವೇ ಬದಲಾಯಿತು. ಕ್ಯಾಮೆರಾ ಅವಳ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ತೆರೆಯ ತುಂಬ ಹಣೆ, ಕಣ್ಣು, ಮೂಗಿನ ಮೇಲಿನ ಬೆವರು. ಊರು ಬರೀ ಸದ್ದಾಗಿತ್ತು: ಹಾರನ್, ಕಂಡಕ್ಟರನ ಕೂಗು. ಹಿಂದೆ ಹಾಯುವ ಬಸ್ಸು ಬಣ್ಣದ ಮಸುಕಾಗಿ ಮಾತ್ರ ಕಾಣುತ್ತಿತ್ತು. ತುಸು ಹೊತ್ತಾದ ಮೇಲೆ ಕ್ಯಾಮೆರಾ ಹಿಂದೆ ಸರಿದಾಗ, ಹುಡುಗಿ ನಿಂತದ್ದು ಎಲ್ಲೆಂದು ತಿಳಿಯುತ್ತಿತ್ತು.

ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಮುಗಿದ ಮೇಲೆ ಉಪನ್ಯಾಸಕರೊಬ್ಬರು ಎದ್ದು, ನೋಡುವವರಿಗೆ ಮೊದಲು ಸ್ಥಳ ತಿಳಿಸುವುದು ವಾಡಿಕೆ, ಇಲ್ಲಿ ಒಮ್ಮೆಲೇ ಮುಖ ಯಾಕೆ ಎಂದು ಕೇಳಿದರು.

“ಮೊದಲ ದೂರದಿಂದನ ತಗದಿದ್ವಿರಿ ಸರ್,” ಎಂದಳು ಸೌಂದರ್ಯಾ. “ಆಕಿಗೆ ಅದು ಬ್ಯಾಡಾತು.”

ಉಪನ್ಯಾಸಕರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ದುರ್ಗಾಳ ಅವ್ವ ಬೆಂಗೇರಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ದುರ್ಗಾ, “ಇನ್ನೊಂದೀಟ ಕುಂಡ್ರವ್ವಾ, ನನ್ನೂ ಏನರ ಕೇಳ್ತಾರ,” ಎಂದು ಸೆರಗು ಹಿಡಿದು ಕೂರಿಸಿದಳು.