ಹೆಣದ ವ್ಯಾನಿನ ಮುಗ್ಗಲು

ಪಾದ್ರಿಗಳು ಆ ಒಂದು ಮಾತು ಕೇಳದೆ ಹೋಗಿದ್ದರೆ ವಿಲಿಕೇಸ ಇನ್ನೂ ಹತ್ತು ವರ್ಷ ಆ ವ್ಯಾನನ್ನು ಹಾಗೇ ಓಡಿಸಿಕೊಂಡಿರುತ್ತಿದ್ದ.

ವಿಲಿಕೇಸ ನನ್ನ ಸೋದರತ್ತೆಯ ಮಗ, ವರಸೆಯಲ್ಲಿ ಭಾವ. ನಮ್ಮ ದ್ವೀಪದ ರಾಜಧಾನಿ ಸುವಾದ ಶವಾಗಾರದಿಂದ ರೇವಾ ನದಿಯ ಆಚೀಚೆಯ ಹಳ್ಳಿಗಳಿಗೆ ಹೆಣ ಸಾಗಿಸುವುದು ಅವನ ಕಸುಬು. ನಾನು ಮೆರೆಸೀನಿ, ನೌಸೋರಿ ಮಾರ್ಕೆಟ್ಟಿನ ಹಿಂದೆ ತಗಡಿನ ಸೂರಿನಡಿ ಕಾರುಗಳ ಒಳಗನ್ನು ತೊಳೆದುಕೊಡುತ್ತೇನೆ. ಈ ತೇವದ ಊರಿನಲ್ಲಿ ಎಸಿ ಹಾಕಿದರೆ ಮುಗ್ಗಲು ನಾರದ ಕಾರು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ನನಗೆ ಕೆಲಸಕ್ಕೆ ಬರವಿಲ್ಲ.

ಆ ಗುರುವಾರ ವಿಲಿಕೇಸ ವ್ಯಾನು ತಂದು ನಿಲ್ಲಿಸಿದಾಗ ಅವನ ಮುಖ ಸಣ್ಣಗಾಗಿತ್ತು. ಹಿಂದಿನ ದಿನ ಚರ್ಚಿನ ಬೆಂಚುಗಳನ್ನು ಸಾಗಿಸಲು ಪಾದ್ರಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ಸ್ವಲ್ಪ ದೂರ ಹೋದ ಮೇಲೆ ಪಾದ್ರಿಗಳು ಮೆಲ್ಲಗೆ, "ವಿಲಿ, ಹಿಂದೆ ಯಾರಿದ್ದಾರಪ್ಪ?" ಎಂದು ಕೇಳಿದರಂತೆ. "ಯಾರೂ ಇಲ್ಲ ಸ್ವಾಮಿ, ಬರೀ ಬೆಂಚು" ಎಂದನಂತೆ ಇವನು. ಅವರು ಕಿಟಕಿ ಇಳಿಸಿಕೊಂಡರಂತೆ.

ನಾನು ಒಳಗೆ ತಲೆ ಹಾಕಿ ತಕ್ಷಣ ಹೊರಗೆ ತೆಗೆದೆ.

"ಭಾವ, ನಿನ್ನ ಮೂಗು ಇರೋದು ಬರೀ ಕನ್ನಡಕ ಇಡೋಕಾ?"

"ನಂಗೇನೂ ಗೊತ್ತಾಗಲ್ಲ ಕಣೇ. ದಿನಾ ಅದರಲ್ಲೇ ಕೂತಿರ್ತೀನಿ. ಅದೂ ಅಲ್ದೆ ನೀನು ಮಾಡೋ ಮೀನಿನ ಸಾರು ತಿಂದು ತಿಂದು ಈ ಮೂಗು ಯಾವತ್ತೋ ಸತ್ತಿದೆ."

"ಸತ್ತಿದ್ರೆ ನಿನ್ನ ವ್ಯಾನಲ್ಲೇ ಸಾಗ್ಸು, ಹೋಗು."

ಕನ್ನಡಿಗೆ ಐದಾರು ಪರಿಮಳದ ಕಾರ್ಡು ನೇತಾಡುತ್ತಿದ್ದವು. ಈ ಕಾರ್ಡುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೇಲೆ ಥಳಕು ಒಳಗೆ ಹುಳುಕು. ಎಲ್ಲವನ್ನೂ ಕಿತ್ತು ಬುಟ್ಟಿಗೆ ಎಸೆದು, ಸೀಟಿನ ಮುಂದಿನ ಸಾಮಾನಿನ ಡಬ್ಬಿ ಬಿಚ್ಚಿ, ಗಾಳಿಯ ಫಿಲ್ಟರ್ ಎಳೆದೆ. ಅದು ಒದ್ದೆಯಾಗಿ ಕಪ್ಪಾಗಿತ್ತು, ಮಡಿಕೆ ಮಡಿಕೆಯಲ್ಲೂ ಕೊಳೆತ ಮಾವಿನೆಲೆಯ ಚೂರು, ಬೂಷ್ಟು. ಅದರ ಹಿಂದೆ, ಗಾಳಿ ತಣ್ಣಗಾಗಿಸುವ ಕಾಯಿಲಿನ ಮೇಲೆ ಲೋಳೆ ಕಟ್ಟಿತ್ತು. ಬಗ್ಗಿ ಕೆಳಗೆ ನೋಡಿದರೆ ಎಸಿಯ ನೀರು ಹೊರಗೆ ಹೋಗುವ ಕೊಳವೆಯ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿಬಿಟ್ಟಿದೆ. ಹೋಗಲು ದಾರಿಯಿಲ್ಲದ ನೀರು ಒಳಗೇ ತಿರುಗಿ, ಕಾಲಡಿಯ ಕಾರ್ಪೆಟ್ಟನ್ನೆಲ್ಲ ನೆನೆಸಿತ್ತು. ಕೆಲಸವೇನೂ ಕಷ್ಟದ್ದಲ್ಲ. ತಂತಿ ಹಾಕಿ ಕೊಳವೆ ಬಿಡಿಸಬೇಕು, ಕಾಯಿಲಿಗೆ ನೊರೆ ಹೊಡೆದು ತೊಳೆಯಬೇಕು, ಫಿಲ್ಟರ್ ಹೊಸದು ಹಾಕಬೇಕು, ಬಿಸಿಗಾಳಿ ಓಡಿಸಿ ಒಣಗಿಸಬೇಕು. ಕಾರ್ಪೆಟ್ಟಿಗೆ ಬಿಸಿಲು ಬೇಕು, ಅದು ದೇವರ ಕೈಯಲ್ಲಿದೆ.

ತಂತಿ ಕೈಗೆತ್ತಿಕೊಂಡು ಹೇಳಿದೆ: "ಈ ಗೂಡು ಹಳೇದು ಭಾವ. ಕ್ರಿಸ್ಮಸ್ಸಿಗೂ ಮುಂಚಿಂದು. ಇಷ್ಟು ತಿಂಗಳು ಯಾರೂ ಏನೂ ಅನ್ಲಿಲ್ವಾ?"

"ಹೆಣ ಹಿಂದಿಟ್ಕೊಂಡು, ವಾಸನೆ ಬರ್ತಿದೆ ಅಂತ ಯಾರೇ ಬಾಯಿ ಬಿಡ್ತಾರೆ?"

ನನ್ನ ಕೈ ನಿಂತಿತು. ನಿಜ, ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಈ ಸೀಟಿನಲ್ಲಿ ಕೂತ ಪ್ರತಿಯೊಬ್ಬರೂ ಅದು ತಮ್ಮ ಸತ್ತವರದೇ ಎಂದುಕೊಂಡು, ತುಟಿ ಕಚ್ಚಿಕೊಂಡು ಹೋಗಿದ್ದಾರೆ.

"ಸಿಕೇಲಿನೂ ಇದ್ರಲ್ಲೇ ತಂದದ್ದಾ?"

ಅವನು ನನ್ನ ಮುಖ ನೋಡಿದ. "ಹೂಂ. ಫೆಬ್ರವರೀಲಿ."

ಸಿಕೇಲಿ ನಮ್ಮ ಹಳ್ಳಿಯವನು. ಅವನು ತೀರಿಕೊಂಡಾಗ ಹೆಂಡತಿ ಉನೈಸಿ, ಅವನ ಸೋದರಮಾವನ ಕಡೆಯವರು ಬಾರದೆ ಮಣ್ಣು ಮಾಡಕೂಡದು ಎಂದು ಹಟ ಹಿಡಿದಳು. ಅವರು ಬರಬೇಕಾದದ್ದು ಕಂಡಾವು ದ್ವೀಪದಿಂದ. ಸಮುದ್ರ ಎದ್ದಿತ್ತು, ದೋಣಿ ಎರಡು ವಾರ ಹೊರಡಲಿಲ್ಲ, ಅಲ್ಲಿಯವರೆಗೆ ಹೆಣ ಶವಾಗಾರದ ತಂಪಿನಲ್ಲೇ ಇತ್ತು. ಬೇಗ ಮುಗಿಸೋಣ ಎಂದವಳು ಸಿಕೇಲಿಯ ಅಕ್ಕ ವಿನಿಯಾನ. ಕೊನೆಗೆ ಇಬ್ಬರೂ ಇದೇ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಹೆಣ ತಂದರು. ನಾನು ಆಗ ಅಡುಗೆ ಚಪ್ಪರದಲ್ಲಿ ಕೆಸುವಿನ ಗಡ್ಡೆ ಹೆರೆಯುತ್ತಿದ್ದೆ. ವ್ಯಾನಿನಿಂದ ಇಳಿದ ವಿನಿಯಾನ ನೇರ ಅಲ್ಲಿಗೆ ಬಂದು, "ಬರ್ಲಿ ಬರ್ಲಿ ಅಂತ ನನ್ನ ತಮ್ಮನ್ನ ಕೊಳೆಸಿಬಿಟ್ಳು" ಎಂದಳು. ಎಲುಬಿಲ್ಲದ ನಾಲಿಗೆ. ಸಂಜೆಯೊಳಗೆ ಊರೆಲ್ಲ ಆಡಿತು.

ಅವತ್ತಿನಿಂದ ಉನೈಸಿ ನದಿಯ ಚಿಪ್ಪುಮೀನು ಮಾರಲು ಮಾರ್ಕೆಟ್ಟಿಗೆ ಬರುವುದಿಲ್ಲ. ಚರ್ಚಿನಲ್ಲಿ ಬಾಗಿಲ ಹತ್ತಿರದ ಬೆಂಚು. ಮುಂದಿನ ವಾರ ಸಿಕೇಲಿಯ ನೂರನೇ ರಾತ್ರಿಯ ಊಟ, ಸೂತಕ ಕಳೆಯುವ ದಿನ; ಅದಕ್ಕೂ ಮೊದಲೇ ತವರಿಗೆ ಹೊರಟುಹೋಗುತ್ತೇನೆ ಎಂದು ನನ್ನ ಅಮ್ಮನ ಹತ್ತಿರ ಹೇಳಿದ್ದಳು. ನೂರನೇ ರಾತ್ರಿ ಕೂರದೆ ಎದ್ದುಹೋದ ವಿಧವೆ ತಪ್ಪು ಒಪ್ಪಿಕೊಂಡ ಹಾಗೆಯೇ. ಆ ಮಾತನ್ನು ಅವಳ ಮಕ್ಕಳೂ ಹೊತ್ತು ತಿರುಗಬೇಕು.

ನಾನು ಆ ಕೊಳಕು ಫಿಲ್ಟರನ್ನು ಮತ್ತೆ ಇದ್ದಲ್ಲಿಗೇ ತುರುಕಿ ಡಬ್ಬಿ ಮುಚ್ಚಿದೆ.

"ಏನೇ ಮಾಡ್ತಿದೀಯ?"

"ಇವತ್ತು ತೊಳೆಯಲ್ಲ. ಮೊದ್ಲು ಉನೈಸಿ ಇದನ್ನ ಮೂಸ್ಬೇಕು."

"ತಲೆ ಕೆಟ್ಟಿದ್ಯಾ? ಶನಿವಾರ ನಂಗೆ ಹೆಣ ಇದೆ! ನಾರೋ ಗಾಡಿ ಅಂತ ಒಂದ್ಸಲ ಹೆಸರು ಬಿದ್ರೆ ಆಮೇಲೆ ಯಾವನು ಕರೀತಾನೆ?"

"ಶನಿವಾರಕ್ಕೆ ಆಗುತ್ತೆ, ನಾನು ಮಾಡ್ಕೊಡ್ತೀನಿ."

"ತೊಳೆದುಬಿಡು. ಆಮೇಲೆ ಬಾಯಲ್ಲಿ ಹೇಳೋಣ. ಆಗಲ್ವಾ?"

"ಬಾಯಲ್ಲಿ ಹೇಳಿದ್ರೆ ಕನಿಕರಕ್ಕೆ ಹೇಳ್ತಿದಾರೆ ಅಂತಾರೆ. ತೊಳೆದ ಮೇಲೆ ಏನು ತೋರಿಸ್ತೀಯ, ನನ್ನ ಬಕೆಟ್ಟಾ?"

ವಿಲಿಕೇಸ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಕ್ಕರಿಸಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಎದ್ದು ಮಾರ್ಕೆಟ್ಟಿನೊಳಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ನಾವು ಅರೆದು ಕುಡಿಯುವ ಯಂಗೋನ ಬೇರಿನ ದೊಡ್ಡ ಕಟ್ಟು ಇತ್ತು, ಕ್ಷಮೆ ಕೇಳಲು ಹೋಗುವವರು ಒಯ್ಯುವಂಥದ್ದು. ನನ್ನ ಭಾವನ ಬಗ್ಗೆ ನನಗೆ ಹೆಮ್ಮೆಯಾಯಿತು. ಅವನ ಮುಂದೆ ಹೇಳಲಿಲ್ಲ.

ಇಬ್ಬರೂ ಅದೇ ವ್ಯಾನಿನಲ್ಲಿ ಹಳ್ಳಿಗೆ ಹೋದೆವು. ಸಿಕೇಲಿಯ ಮನೆಯಲ್ಲಿ ಅವನ ಚಿಕ್ಕಪ್ಪ ಚಾಪೆಯ ಮೇಲೆ ಕೂತಿದ್ದರು. ವಿನಿಯಾನ ಪಕ್ಕದ ಮನೆಯಿಂದ ಬಂದಳು. ಕಪ್ಪು ಬಟ್ಟೆಯ ಉನೈಸಿ ಬಾಗಿಲಿಗೆ ಒರಗಿ ಕೂತಳು. ವಿಲಿಕೇಸ ಬೇರನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಹೇಳಿದ:

"ವಾಸನೆ ಸಿಕೇಲಿದಲ್ಲ. ನನ್ನ ಗಾಡಿದು. ನಂಗೆ ಗೊತ್ತಾಗ್ಲಿಲ್ಲ. ಅವನ ಮರ್ಯಾದೆ ಹೋಗಿದ್ದು ನನ್ನಿಂದ."

ಚಿಕ್ಕಪ್ಪ ಬೇರು ಮುಟ್ಟಿ, ಅಂಗೈ ಗುಳಿ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿ ಸ್ವೀಕರಿಸಿದರು. ವಿನಿಯಾನಳ ಮುಖ ಮಾತ್ರ ಸಡಿಲಾಗಲಿಲ್ಲ.

"ನಿನ್ನ ಮನಸ್ಸು ದೊಡ್ಡದು ವಿಲಿ. ಇವಳು ಮಾಡಿದ್ದನ್ನ ನಿನ್ನ ಗಾಡಿ ಮೇಲೆ ಹಾಕ್ಕೊಳ್ತಿದೀಯ."

"ಬೇಡ ಬಿಡಣ್ಣ," ಎಂದಳು ಉನೈಸಿ, ತಲೆ ಎತ್ತದೆ. "ನಾನು ಹೋಗ್ತೀನಲ್ಲ."

ನನಗೆ ಕೋಪ ನೆತ್ತಿಗೇರಿತು. ಹಿರಿಯರ ಮುಂದೆ ಹೆಂಗಸು ದನಿ ಎತ್ತಬಾರದು, ಎತ್ತಿದೆ. "ಇಬ್ರೂ ಎದ್ದು ಬನ್ನಿ. ಅವತ್ತು ಎಲ್ಲಿ ಕೂತಿದ್ರೋ ಅಲ್ಲೇ ಕೂತ್ಕೊಳಿ."

ಉನೈಸಿ ಆ ವ್ಯಾನಿನ ಮೆಟ್ಟಿಲಿಗೆ ಕಾಲಿಡಲು ಒದ್ದಾಡಿದಳು. ಕೈ ಹಿಡಿದು ಹತ್ತಿಸಿ ಮಧ್ಯದಲ್ಲಿ ಕೂರಿಸಿದೆ, ಅವಳ ಆಚೆ ವಿನಿಯಾನ. ನಾನು ಚಾಲಕನ ಸೀಟಿನಲ್ಲಿ ಕೂತು, ಕಿಟಕಿ ಏರಿಸಿ, ಎಂಜಿನ್ ಹಚ್ಚಿ ಎಸಿ ಒತ್ತಿದೆ. ಮೊದಲು ಬರೀ ತಣ್ಣನೆ ಗಾಳಿ ಬಂತು. ಆಮೇಲೆ ಅದು ಬಂತು.

ವಿನಿಯಾನಳ ಕೈ ತಾನಾಗಿ ಮೂಗಿಗೆ ಹೋಯಿತು. ಹಾಗೆಯೇ ಹಿಂದೆ ತಿರುಗಿದಳು. ಹಿಂದೆ ಖಾಲಿ ಹಲಗೆ.

ಆಮೇಲೆ ಮುಂದಕ್ಕೆ ತಿರುಗಿದಳು. "ಊರೆಲ್ಲ ಸಾರ್ಕೊಂಡು ಬಂದೆನಲ್ಲೇ ಉನೈಸಿ," ಎಂದಳು. "ನೀನು ಎಲ್ಲೂ ಹೋಗ್ಕೂಡ್ದು. ನೂರನೇ ರಾತ್ರಿ ನನ್ನ ಪಕ್ಕ ಕೂತ್ಕೋ. ಎಲ್ರೆದುರಿಗೂ ನಾನೇ ಹೇಳ್ತೀನಿ."

ಅಷ್ಟಾದರೆ ಸಾಕು ಎಂದುಕೊಂಡು ನಾನು ಎಸಿ ಆರಿಸಲು ಕೈ ಚಾಚಿದೆ. ಉನೈಸಿ ನನ್ನ ಕೈ ಹಿಡಿದುಕೊಂಡಳು.

"ಹಾಗಾದ್ರೆ ಅವನು ಚೆನ್ನಾಗೇ ಇದ್ದ?"

"ಚೆನ್ನಾಗೇ ಇದ್ದ ಕಣಮ್ಮ," ಎಂದೆ.

"ಪೆಟ್ಟಿಗೆ ಮುಚ್ಚೋ ಮುಂಚೆ ನಾನು ಅವನ ಹಣೆಗೆ ಬಗ್ಗಿದ್ನಲ್ಲ..." ಅವಳ ದನಿ ಕೇಳಿಸದಷ್ಟು ಸಣ್ಣಗಾಯಿತು. "ಉಸಿರು ಹಿಡ್ಕೊಂಡಿದ್ದೆ."

ನಮ್ಮಲ್ಲಿ ಸತ್ತವರಿಗೆ ಕೊಡುವ ಕೊನೆಯ ಮುತ್ತು ತುಟಿಯದಲ್ಲ, ಮೂಗಿನದು. ಹಣೆಗೆ ಮೂಗು ಒತ್ತಿ, ಮಗುವಿನ ನೆತ್ತಿ ಮೂಸುವ ಹಾಗೆ ಉಸಿರೆಳೆದುಕೊಳ್ಳಬೇಕು. ಉಸಿರು ಎಳೆಯದಿದ್ದರೆ ಅದು ಮುತ್ತೇ ಅಲ್ಲ. ಇಷ್ಟು ವರ್ಷ ಎಷ್ಟೋ ವಾಸನೆ ತೆಗೆದಿದ್ದೇನೆ. ಇದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

"ನಾನೂ," ಎಂದಳು ವಿನಿಯಾನ.

ನಾನು ಎಸಿ ಆರಿಸಿ ಕೆಳಗಿಳಿದೆ. ವಿಲಿಕೇಸ ಮಾವಿನ ಮರಕ್ಕೆ ಒರಗಿ ಅಳುತ್ತಿದ್ದ. ಗಾಜಿನೊಳಗೆ ವಿನಿಯಾನ ತಲೆ ಬಾಗಿಸಿದ್ದು ಕಂಡಿತು. ಉನೈಸಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅಕ್ಕನ ಹಣೆ ತಮ್ಮನ ಹಣೆಯಂತೆಯೇ ಅಗಲ. ಅದಕ್ಕೆ ಮೂಗು ಒತ್ತಿ ಅವಳು ಉದ್ದಕ್ಕೆ ಉಸಿರೆಳೆದುಕೊಂಡಳು. ಬಿಡಲು ಬಹಳ ಹೊತ್ತು ಮಾಡಿದಳು.