ಪಕ್ಕದ ಕುರ್ಚಿಗೂ ಕಾಣುವ ಪರದೆ

ಸೊಸೆ ಸೌಂದರ್ಯ ದೊಡ್ಡ ಮಾನಿಟರ್ ಕೊಳ್ಳುತ್ತೇನೆ ಎಂದ ದಿನದಿಂದ ರಾಜೇಶ್ವರಮ್ಮನವರಿಗೆ ಒಳಗೊಳಗೇ ಅಳುಕು. ಶಿಕಾರಿಪುರದ ಅವರ ಬಟ್ಟೆ ಅಂಗಡಿಗೆ ಮಧ್ಯಾಹ್ನ ಗಿರಾಕಿ ಕಡಿಮೆ. ಆ ಹೊತ್ತಿಗೆ ಮಗ ಸಂಗಮೇಶನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ ಅತ್ತೆ ಸೊಸೆ ಮಹಡಿ ಹತ್ತುವರು, ಕಂಪ್ಯೂಟರಿನಲ್ಲಿ ಗೇಮ್ ಆಡುವರು. ಬರೀ ಢಂ ಢಂ ಎನ್ನುವ ಗೇಮ್ ಅಲ್ಲ, ಕಥೆಯ ಗೇಮ್. ಸೌಂದರ್ಯ ಮೌಸ್ ಹಿಡಿದು ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಳಬೇಕು; ಮುಂದೇನು ಮಾಡಬೇಕೆಂದು ಪಕ್ಕದ ಕುರ್ಚಿಯ ಅತ್ತೆ ತೀರ್ಪು ಕೊಡಬೇಕು. ತೀರ್ಪು ಸುಲಭಕ್ಕೆ ಬರುತ್ತಿರಲಿಲ್ಲ. ಅಣ್ಣನನ್ನು ಉಳಿಸುವುದೋ ಊರನ್ನು ಉಳಿಸುವುದೋ ಎಂಬ ಪ್ರಶ್ನೆ ಬಂದಾಗ ಅವರು ಎರಡು ದಿನ ರೊಟ್ಟಿ ತಟ್ಟುತ್ತಾ ಯೋಚಿಸಿದ್ದರು. ಕುದುರೆಗೆ ಮೇವು ಹಾಕಿಸದೆ ಯುದ್ಧಕ್ಕೆ ಹೊರಡಗೊಟ್ಟವರಲ್ಲ.

ಈಗ ಸೌಂದರ್ಯಳಿಗೆ ಅಗಲದ ಪರದೆ ಬೇಕಂತೆ, ಮೊರದ ಹಾಗೆ ಒಳಕ್ಕೆ ಬಾಗಿದ್ದು. ಎದುರು ಕೂತರೆ ಕಥೆಯೊಳಗೇ ಇಳಿದ ಹಾಗಾಗುತ್ತದಂತೆ. ಇಳಿದವಳು ತಮ್ಮನ್ನು ದಡದ ಮೇಲೇ ಬಿಟ್ಟರೆ ಗತಿಯೇನು? ಕೇಳಲು ಬಾಯಿ ಬರಲಿಲ್ಲ. ಈ ವಯಸ್ಸಿನಲ್ಲಿ ಗೇಮಿಗಾಗಿ ಹಟ ಹಿಡಿದರೆ ಜನ ನಕ್ಕಾರು.

ಸೌಂದರ್ಯಳ ತವರು ಹೊಸಬಾಳೆ. ಅಲ್ಲಿಗೆ ಹೋಗಿ ಬರುವಾಗ ಇಬ್ಬರೂ ಸೊರಬದಲ್ಲಿ ಇಳಿದು ನವೀನನ ಕಂಪ್ಯೂಟರ್ ಅಂಗಡಿಗೆ ಹೋದರು. ಅವಳು ಮೊದಲೇ ಫೋನ್ ಮಾಡಿದ್ದರಿಂದ ಅವನು ಎರಡು ಮಾನಿಟರ್ ತರಿಸಿಟ್ಟಿದ್ದ. ಎರಡೂ ಅಗಲದವೇ, ಒಂದು ಬಾಗಿದ್ದು, ಇನ್ನೊಂದು ಚಪ್ಪಟೆ. ಬಾಗಿದ್ದನ್ನು ಹಚ್ಚಿ ನಡುವಿನ ಕುರ್ಚಿಯಲ್ಲಿ ಸೌಂದರ್ಯಳನ್ನು ಕೂರಿಸಿದ. ನದಿ, ಕಾಡು, ದೋಣಿ ಎಡಬಲದಿಂದ ಅವಳನ್ನು ಬಳಸಿಕೊಂಡವು. ಅವಳ ಮುಖ ಅರಳಿದ್ದು ಕಂಡು ರಾಜೇಶ್ವರಮ್ಮನವರಿಗೂ ಖುಷಿಯಾಯಿತು. ಆದರೆ ಅವರು ಕೂತಿದ್ದ ಪಕ್ಕದ ಸ್ಟೂಲಿಗೆ ಬಾಗಿದ ಅಂಚು ಅಡ್ಡ ಬರುತ್ತಿತ್ತು, ಉಳಿದದ್ದು ಒಗೆದೂ ಒಗೆದೂ ಬಣ್ಣ ಹೋದ ಸೀರೆಯ ಹಾಗೆ ಕಾಣುತ್ತಿತ್ತು.

ಅವರು ಹೇಳಲಿಲ್ಲ. ವ್ಯಾಪಾರಸ್ಥರ ಮನೆಯಲ್ಲಿ ಒಂದು ಕಟ್ಟುನಿಟ್ಟು: ಇನ್ನೊಬ್ಬರ ಅಂಗಡಿಯಲ್ಲಿ ಕೂತು, ಗಿರಾಕಿಯ ಎದುರು ಅವರ ಮಾಲಿನಲ್ಲಿ ಕುಂದು ತೆಗೆಯಬಾರದು. ಗಿರಾಕಿ ಸ್ವಂತ ಸೊಸೆಯಾದರೂ ಅಷ್ಟೇ. ಹುಡುಗಿಯ ಆಸೆಗೆ ತಣ್ಣೀರೆರಚಲೂ ಮನಸ್ಸು ಬರಲಿಲ್ಲ. ಚೆನ್ನಾಗಿ ಕಾಣುತ್ತದೆಯೇ ಎಂದು ಸೌಂದರ್ಯ ಕೇಳಿದ್ದಕ್ಕೆ, ಭೇಷಾಗಿದೆ, ಇದನ್ನೇ ಕಟ್ಟಿಸು ಎಂದುಬಿಟ್ಟರು.

ಹಣ ಕಳಿಸಲು ಫೋನ್ ತೆಗೆದ ಸೌಂದರ್ಯ ಹಾಗೇ ನಿಂತಳು. ಅತ್ತೆ ಯಾವುದನ್ನೂ ಒಂದೇ ಮಾತಿಗೆ ಒಪ್ಪಿದ್ದನ್ನು ಅವಳು ಕಂಡಿರಲಿಲ್ಲ.

"ದೋಣೀಲಿದ್ದ ಅಜ್ಜನ ಕೈಲಿ ಏನಿತ್ತು ಅತ್ತೆ?"

ಅತ್ತೆಗೆ ದೋಣಿ ಕಂಡಿತ್ತು, ಅಜ್ಜ ಕಂಡಿರಲಿಲ್ಲ. ದೋಣಿ ಅಂದಮೇಲೆ ಇನ್ನೇನಿರುತ್ತದೆ, ಹುಟ್ಟು ಎಂದರು. ಅಜ್ಜನ ಕೈಯಲ್ಲಿದ್ದದ್ದು ಕೂಸು.

ಸೌಂದರ್ಯ ಅತ್ತೆಯನ್ನು ಎಬ್ಬಿಸಿ ನಡುವಿನ ಕುರ್ಚಿಗೆ ಕಳಿಸಿ, ತಾನು ಸ್ಟೂಲಿನ ಮೇಲೆ ಕೂತು ನೋಡಿದಳು.

"ಇಲ್ಲಿಂದ ಏನೂ ಸರಿಯಾಗಿ ಕಾಣಲ್ವಲ್ಲ ಅತ್ತೆ. ಹೇಳ್ಬಾರದಿತ್ತಾ?"

"ಹೆಂಗ್ ಹೇಳ್ಲವ್ವ, ನಿನ್ನ ಆಸಿ ಮುರೀಬಾರ್ದು ಅಂತ ಸುಮ್ಕಿದ್ದೆ," ಎಂದ ರಾಜೇಶ್ವರಮ್ಮ, ನವೀನನಿಗೆ ಕೇಳದಂತೆ ದನಿ ತಗ್ಗಿಸಿದರು. "ಇನ್ ಮ್ಯಾಲೆ ನನ್ನ ಬಿಟ್ಟು ಆಡ್ತೀಯೇನೋ ಅಂತ ಅಂಜಿಕೆ ಬ್ಯಾರೆ ಆಗಿತ್ತು."

ಸೌಂದರ್ಯ ಚಪ್ಪಟೆ ಮಾನಿಟರ್ ಹಚ್ಚಿಸಿದಳು. ಸ್ಟೂಲಿನಿಂದಲೂ ಕೂಸಿನ ಕುಲಾವಿಯ ಬಣ್ಣ ಕಾಣುತ್ತಿತ್ತು. ನವೀನನಿಗೆ ಸಮಾಧಾನವಿಲ್ಲ, ಆಡುವವರು ನೀವು, ನಿಮಗೆ ಬಾಗಿದ್ದೇ ಸರಿ ಎಂದು ಮತ್ತೆ ಮತ್ತೆ ಹೇಳಿದ.

"ಕಥೆಯೊಳಗೆ ಒಬ್ಬಳೇ ಇಳಿದು ಏನು ಮಾಡ್ಲಿ ನವೀನಣ್ಣ? ಅತ್ತೆ ಇಲ್ದೆ ನಂಗೆ ಒಂದು ಬಾಗಿಲು ತೆಗೆಯೋಕೂ ಬರಲ್ಲ."

ಊರಿನ ಹೆಣ್ಣುಮಕ್ಕಳಿಗೆಲ್ಲ ಸೀರೆ ಆರಿಸಿಕೊಟ್ಟವರು ರಾಜೇಶ್ವರಮ್ಮ. ಆದರೆ ತಮ್ಮ ಕಣ್ಣಿಗೆ ಯಾವುದು ಹಿತವೆಂದು ತಮ್ಮ ಜಾಗದಲ್ಲಿ ಕೂತು ನೋಡಿ ಇನ್ನೊಬ್ಬರು ಆರಿಸಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು. ಎಲ್ಲ ಕಡೆಯಿಂದಲೂ ಚೆನ್ನಾಗಿ ಕಾಣುವ ಆ ಮಾನಿಟರು ಅವರಿಗೆ ಸ್ವಲ್ಪ ಹೊತ್ತು ಕಾಣಲೇ ಇಲ್ಲ.